ಹಳೇ ಗೆಟ್‌ಅವೇ ಮೇಲೆ ಕ್ಯಾಂಪರ್: ಮೊದಲು ತೂಕ, ಕೊನೆಗೆ ಸಸ್ಪೆನ್ಷನ್

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. 2011ರ ಮಹೀಂದ್ರ ಸ್ಕಾರ್ಪಿಯೊ ಗೆಟ್‌ಅವೇ ಫೋರ್ ಬೈ ಫೋರ್ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ಇದೆ, ಬಿಳಿ ಬೋರ್ಡ್. ಇಷ್ಟು ವರ್ಷ ಮೂಟೆ, ಗೊಬ್ಬರ, ಡೀಸೆಲ್ ಪಂಪು ಹೊತ್ತು ಹಿಂಭಾಗ ಕುಸಿದಿದೆ. ಈಗ ಅದರ ಮೇಲೆ ಮಲಗುವಂಥ ಕ್ಯಾಂಪರ್ ಕಟ್ಟಿಸಿ ನಾನು, ಹೆಂಡತಿ, 8 ವರ್ಷದ ಮಗಳು ಪಶ್ಚಿಮ ಘಟ್ಟದಲ್ಲೆಲ್ಲ ಸುತ್ತಬೇಕು, ಮುಂದೆ ಹಿಮಾಚಲದ ಸ್ಪಿತಿಯವರೆಗೂ ಹೋಗಬೇಕು ಅಂತ ಆಸೆ. ಗಾಡಿಯನ್ನು ಎರಡು ಇಂಚು ಲಿಫ್ಟ್ ಮಾಡಿಸಿ (ಎತ್ತರಿಸಿ), ಹಿಂದೆ ದಪ್ಪ ಪಟ್ಟಿ (ಲೀಫ್ ಸ್ಪ್ರಿಂಗ್) ಅಥವಾ ಏರ್ ಬ್ಯಾಗ್ (ಸ್ಪ್ರಿಂಗಿಗೆ ನೆರವಾಗುವ ಗಾಳಿಚೀಲ) ಹಾಕಿಸಿ, ಆಮೇಲೆ ಕಬ್ಬಿಣದ ಫ್ರೇಮಿನ ಪೆಟ್ಟಿಗೆ, ಒಳಗೆ ಪ್ಲೈವುಡ್ ಮಂಚ, 100 ಲೀಟರ್ ನೀರಿನ ಟ್ಯಾಂಕ್, ಇನ್ವರ್ಟರ್ ಬ್ಯಾಟರಿ, ಗ್ಯಾಸ್, ಮೇಲೆ ರೂಫ್ ಟೆಂಟ್ ಎಂದು ಲೆಕ್ಕ ಹಾಕಿದ್ದೇನೆ. ಯಾವ ಲಿಫ್ಟ್ ಕಿಟ್ ಒಳ್ಳೆಯದು? ಎಲ್ಲಿಂದ ಶುರು ಮಾಡಲಿ?

ಉತ್ತರ: ಲಿಫ್ಟ್ ಕಿಟ್ ವಿಷಯ ಸದ್ಯಕ್ಕೆ ಬದಿಗಿಡಿ. ನೀವು ಬರೆದ ಕೆಲಸಗಳಲ್ಲಿ ಕೆಲವು ಬೇಡ, ಉಳಿದವುಗಳ ಅನುಕ್ರಮ ತಿರುಗುಮುರುಗಾಗಿದೆ. ಎಷ್ಟು ಭಾರ, ಎಲ್ಲಿ ಕೂರುತ್ತದೆ ಎಂದು ಗೊತ್ತಾಗದೆ ಸ್ಪ್ರಿಂಗ್ ಕೊಂಡರೆ ಅದು ಅಂದಾಜಿನ ಸ್ಪ್ರಿಂಗ್. ಖಾಲಿ ಗಾಡಿಯಲ್ಲಿ ಕುಣಿಸುತ್ತದೆ, ಕ್ಯಾಂಪರ್ ಕೂತ ಮೇಲೆ ಮತ್ತೆ ಕುಸಿಯುತ್ತದೆ. ಮೊದಲು ಭಾರದ ಲೆಕ್ಕ, ಆಮೇಲೆ ಗಾಡಿಯ ಮೂಲ ರಿಪೇರಿ, ಆಮೇಲೆ ಕ್ಯಾಂಪರ್, ಕಟ್ಟಕಡೆಗೆ ಪಟ್ಟಿ ಮತ್ತು ಶಾಕ್ ಅಬ್ಸಾರ್ಬರ್. ದುಡ್ಡೂ ಹೀಗೇ ಉಳಿಯುವುದು.

ನಿಮ್ಮ ಆರ್‌ಸಿ ತೆಗೆದು ಖಾಲಿ ತೂಕ ಎಷ್ಟೆಂದು ನೋಡಿ. ಒಟ್ಟು ಅನುಮತಿಸಿದ ತೂಕ ಆರ್‌ಸಿಯಲ್ಲಿ ಇಲ್ಲದಿದ್ದರೆ ಕಂಪನಿ ಹಾಕಿರುವ ತಗಡಿನ ಪ್ಲೇಟ್ ಮೇಲೆ ಅಥವಾ ಮಾಲೀಕರ ಕೈಪಿಡಿಯಲ್ಲಿ ಸಿಗುತ್ತದೆ. ಎರಡರ ವ್ಯತ್ಯಾಸವೇ ನಿಮಗಿರುವ ಬಂಡವಾಳ. ಅದರಲ್ಲಿ ನೀವು ಮೂವರೂ, ಮಗಳ ಸ್ಕೂಲ್ ಬ್ಯಾಗೂ, ಗಾಡಿಗೆ ಈಗಾಗಲೇ ಹಾಕಿಸಿರುವ ಕಬ್ಬಿಣದ ಗಾರ್ಡೂ ಎಲ್ಲ ಸೇರಬೇಕು. ನಂತರ ಡೀಸೆಲ್ ಫುಲ್ ಮಾಡಿಸಿ ಒಂದು ವೇಬ್ರಿಡ್ಜ್‌ಗೆ ಹೋಗಿ. ಕಾಫಿ ಕ್ಯೂರಿಂಗ್, ಮರಳು, ಜಲ್ಲಿ ನಡೆಯುವ ಊರಿನಲ್ಲಿ ಅದಕ್ಕೇನು ಬರ ಇಲ್ಲ. ಮೂರು ಚೀಟಿ ತೆಗೆಸಿ: ಇಡೀ ಗಾಡಿ, ಮುಂದಿನ ಚಕ್ರ ಮಾತ್ರ, ಹಿಂದಿನ ಚಕ್ರ ಮಾತ್ರ. ವೇಬ್ರಿಡ್ಜ್‌ನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮುಂದೆ ಇಷ್ಟು, ಹಿಂದೆ ಇಷ್ಟು ಎಂಬ ಎರಡು ಸಂಖ್ಯೆ ಕೈಯಲ್ಲಿದ್ದರೆ ಯಾವ ಮೆಕ್ಯಾನಿಕ್ ಜತೆಗೂ ಧೈರ್ಯವಾಗಿ ಮಾತಾಡಬಹುದು.

ಈಗ ನಿಮ್ಮ ಕನಸಿನ ಕ್ಯಾಂಪರನ್ನು ಕಾಗದದ ಮೇಲೆ ತೂಗೋಣ. 18 ಮಿಮೀ ಪ್ಲೈವುಡ್ ಎಂಟಡಿ ನಾಲ್ಕಡಿ ಹಾಳೆ ಒಂದಕ್ಕೆ ಸುಮಾರು 35 ಕಿಲೋ. ಮಂಚ, ಡ್ರಾಯರ್, ಅಡುಗೆ ಕಟ್ಟೆ ಎಂದು ನಾಲ್ಕು ಹಾಳೆ ಹೋದರೆ 140. ಫ್ರೇಮಿಗೆ 25 ಮಿಮೀ ಚೌಕದ 2 ಮಿಮೀ ದಪ್ಪದ ಎಂಎಸ್ (ಸಾದಾ ಉಕ್ಕಿನ) ಟ್ಯೂಬ್ ಮೀಟರಿಗೆ ಸುಮಾರು 1.4 ಕಿಲೋ. 30 ಮೀಟರ್ ಹಿಡಿಯಿರಿ, 42. ಅದರ ಮೇಲೆ 1 ಮಿಮೀ ತಗಡು ಚದರ ಮೀಟರಿಗೆ ಸುಮಾರು 8 ಕಿಲೋ. ಪೆಟ್ಟಿಗೆಗೆ 10 ಚದರ ಮೀಟರಾದರೂ ಬೇಕು, 80. ಮನೆಯ ಇನ್ವರ್ಟರ್‌ಗೆ ಇಡುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ 60 ಕಿಲೋ ಆಸುಪಾಸು. ನೀರು 100 ಲೀಟರ್ ಅಂದರೆ 100 ಕಿಲೋ, ಅದರಲ್ಲಿ ಚೌಕಾಸಿ ಇಲ್ಲ. ಮನೆಯ 14.2 ಕಿಲೋ ಸಿಲಿಂಡರ್ ತುಂಬಿದಾಗ 30ರ ಹತ್ತಿರ. ರೂಫ್ ಟೆಂಟ್ 60. ಹಾಸಿಗೆ, ಪಾತ್ರೆ, ಜ್ಯಾಕ್, ಹಗ್ಗ, ಬಟ್ಟೆ ಇನ್ನೊಂದು 60. ಕೂಡಿದರೆ 570 ದಾಟಿತು, ನೀವು ಮೂವರು ಇನ್ನೂ ಹತ್ತೇ ಇಲ್ಲ. ಹತ್ತಿದರೆ 700ರ ಮೇಲೆ.

ಮೂಟೆ ಹೊತ್ತ ಗಾಡಿಗೆ ಇದೇನು ದೊಡ್ಡದು ಅನ್ನಿಸಬಹುದು. ಮೂಟೆ ತೋಟದಿಂದ ಕ್ಯೂರಿಂಗ್‌ವರೆಗೆ ಹೋಗಿ ಇಳಿಯುತ್ತದೆ, ಕ್ಯಾಂಪರ್ ಇಳಿಯುವುದಿಲ್ಲ. ಮೂಟೆ ಟ್ರೇಯ (ಹಿಂದಿನ ಸಾಮಾನು ತೊಟ್ಟಿಯ) ತಳದಲ್ಲಿ ಕೂರುತ್ತದೆ, ಪೆಟ್ಟಿಗೆಯ ತೂಕ ಎದೆಯೆತ್ತರದಲ್ಲಿ, ಟೆಂಟಿನದು ತಲೆಯ ಮೇಲೆ. ಚಾರ್ಮಾಡಿಯ ತಿರುವಿನಲ್ಲಿ ಗಾಡಿ ವಾಲುವುದನ್ನು ನಿರ್ಧರಿಸುವುದು ಕಿಲೋ ಮಾತ್ರವಲ್ಲ, ಆ ಕಿಲೋ ಎಷ್ಟು ಎತ್ತರದಲ್ಲಿದೆ ಎಂಬುದೂ ಹೌದು. ಇದರ ಮೇಲೆ ಎರಡು ಇಂಚು ಲಿಫ್ಟ್ ಎಂದರೆ ಇಡೀ ಗೊಂಚಲನ್ನೇ ಇನ್ನೂ ಮೇಲಕ್ಕೆತ್ತಿದಂತೆ. ಕ್ಯಾಂಪರ್ ಹೊರುವ ಗಾಡಿಗೆ ಲಿಫ್ಟ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕುಸಿದಿರುವುದನ್ನು ಕಂಪನಿ ಎತ್ತರಕ್ಕೆ ತಂದರೆ ನಿಮ್ಮ ಕಣ್ಣಿಗೇ ಅದು ಲಿಫ್ಟ್ ಆದಂತೆ ಕಾಣುತ್ತದೆ.

ಡಬಲ್ ಕ್ಯಾಬ್‌ನ ದೊಡ್ಡ ತೊಂದರೆ ಬೇರೆಯೇ ಇದೆ. ಕ್ಯಾಬಿನ್ ಉದ್ದ ಇರುವುದರಿಂದ ಟ್ರೇ ಹಿಂದಕ್ಕೆ ಸರಿದಿದೆ, ಅದರ ಅರ್ಧದಷ್ಟು ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ದಾಟಿ ನೇತಾಡುತ್ತದೆ. ಮುಂದಿನ ಹಿಂದಿನ ಚಕ್ರದ ನಡುವೆ ಸುಮಾರು 3 ಮೀಟರ್ ಅಂತರ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದೆ, ಅಂದರೆ ಟೈಲ್‌ಗೇಟ್ (ಟ್ರೇಯ ಹಿಂಬಾಗಿಲು) ಹತ್ತಿರ, 100 ಕಿಲೋ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಅಲ್ಲ, 133. ಆ ಹೆಚ್ಚಿನ 33 ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಮಳೆಯಲ್ಲಿ ಮುಂದಿನ ಟೈರಿನ ಹಿಡಿತ ಕಡಿಮೆಯಾಗುತ್ತದೆ. ನೀರಿನ ಟ್ಯಾಂಕ್, ಬ್ಯಾಟರಿ ಟೈಲ್‌ಗೇಟ್ ಕಡೆ ಇಟ್ಟರೆ ಕೈಗೆ ಸಿಗುತ್ತದೆಂದು ಎಲ್ಲರೂ ಅಲ್ಲೇ ಇಡುತ್ತಾರೆ. ಅವೆರಡೂ ಕ್ಯಾಬಿನ್ ಗೋಡೆಗೆ ತಾಗಿ, ತಳದಲ್ಲೇ ಇರಬೇಕು. ಹಿಂದೆ ಹಾಸಿಗೆ, ಬಟ್ಟೆ, ಕುರ್ಚಿ ಇಡಿ.

ಆದ್ದರಿಂದ ನಿಮ್ಮ ಪೆಟ್ಟಿಗೆಯನ್ನು ಅರ್ಧಕ್ಕೆ ಇಳಿಸೋಣ. ಮಂಚಕ್ಕೆ 12 ಮಿಮೀ ಪ್ಲೈ ಸಾಕು, ಕೆಳಗೆ ಅಡ್ಡಪಟ್ಟಿ ಹತ್ತಿರ ಹತ್ತಿರ ಕೊಟ್ಟರೆ ಬಾಗುವುದಿಲ್ಲ. ಹಾಳೆಗೆ 23 ಕಿಲೋ ಆಗುತ್ತದೆ, ಎರಡೇ ಹಾಳೆಯಲ್ಲಿ ಮುಗಿಸಿ. ಡ್ರಾಯರ್ ಬದಲು ಪ್ಲಾಸ್ಟಿಕ್ ಕ್ರೇಟ್ ತೂರಿಸಿ. ಡ್ರಾಯರಿನ ಚಾನೆಲ್‌ಗಳು ತೋಟದ ರಸ್ತೆಯಲ್ಲಿ ಹೇಗೂ ಬಾಳುವುದಿಲ್ಲ. ತಗಡಿನ ಬದಲು 1.5 ಮಿಮೀ ಅಲ್ಯೂಮಿನಿಯಂ ಹಾಳೆ ಚದರ ಮೀಟರಿಗೆ 4 ಕಿಲೋ, ಫ್ರೇಮೂ ಅಲ್ಯೂಮಿನಿಯಂ ಸೆಕ್ಷನ್ನಿನದೇ ಆದರೆ ಇಡೀ ಹೊದಿಕೆ 70 ಕಿಲೋದೊಳಗೆ ಬರುತ್ತದೆ. ನೀರು 20 ಲೀಟರಿನ ಎರಡು ಕ್ಯಾನ್. ಘಟ್ಟದಲ್ಲಿ ನೀರಿಗೆ ಬರವಿಲ್ಲ, ಸ್ಪಿತಿಯಲ್ಲೂ ಊರೂರಿಗೆ ಸಿಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಎಎಚ್ ತೂಗುವುದು ಸುಮಾರು 12 ಕಿಲೋ. ಟ್ಯೂಬ್ಯುಲರ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇದರಲ್ಲಿ ಹೆಚ್ಚು ಕಡಿಮೆ ಪೂರ್ತಿ ಬಳಸಬಹುದಾದ್ದರಿಂದ ಕೆಲಸಕ್ಕೆ ಸಿಗುವ ವಿದ್ಯುತ್ತು ಹತ್ತಿರ ಹತ್ತಿರ ಅಷ್ಟೇ. ದುಬಾರಿ ಹೌದು, ಆದರೆ ನಿಮ್ಮ ಇಡೀ ಯೋಜನೆಯಲ್ಲಿ ಕಿಲೋಗೆ ಕಿಲೋ ಲಾಭ ಕೊಡುವ ಖರ್ಚು ಇದೇ. ಒಂದು ಎಚ್ಚರಿಕೆ: ಲಿಥಿಯಂ ಬ್ಯಾಟರಿಯನ್ನು ನೇರ ಆಲ್ಟರ್ನೇಟರ್‌ಗೆ (ಎಂಜಿನ್ ತಿರುಗಿಸಿ ಕರೆಂಟ್ ಮಾಡುವ ಭಾಗ) ಸೇರಿಸಬೇಡಿ, ಅದು ಮಿತಿಯಿಲ್ಲದೆ ಕರೆಂಟ್ ಎಳೆದು ಆಲ್ಟರ್ನೇಟರನ್ನೇ ಸುಡಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಟು-ಡಿಸಿ ಚಾರ್ಜರ್ ಬೇಕು, ಗಾಡಿಯ ಬ್ಯಾಟರಿ, ಈ ಬ್ಯಾಟರಿ ಎರಡರ ಪಕ್ಕದಲ್ಲೂ ಫ್ಯೂಸ್ ಬೇಕು. ಗ್ಯಾಸಿಗೆ 5 ಕಿಲೋ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಮೂಲೆಯ ತಳದಲ್ಲೇ ಹೊರಕ್ಕೆ ತೂತಿರಲಿ, ಮಲಗುವಾಗ ಸಿಲಿಂಡರ್ ಹೊರಗಿರಲಿ, ಅಡುಗೆಯಂತೂ ಹೊರಗೇ.

ಮಲಗುವ ವಿಷಯದಲ್ಲಿ ನೀವು ಒಂದು ಅಳತೆ ಹಿಡಿದಿಲ್ಲ ಅನ್ನಿಸುತ್ತದೆ. ಟ್ರೇ ಒಳಗೆ ಟೇಪ್ ಹಿಡಿದು ನೋಡಿ, ಉದ್ದ ಒಂದೂವರೆ ಮೀಟರ್ ಆಸುಪಾಸು ಬರುತ್ತದೆ. ಟೈಲ್‌ಗೇಟ್ ಮುಚ್ಚಿದರೆ ದೊಡ್ಡವರು ಕಾಲು ಚಾಚಲಾಗುವುದಿಲ್ಲ. ಕೆಲವರು ಇದಕ್ಕಾಗಿ ಪೆಟ್ಟಿಗೆಯನ್ನೇ ಹಿಂದಕ್ಕೆ ಎರಡಡಿ ಉದ್ದ ಮಾಡಿಸುತ್ತಾರೆ. ಮೇಲೆ ಹೇಳಿದ 100 ಕಿಲೋ 133 ಆಗುವ ಲೆಕ್ಕ ನೆನಪಿದ್ದರೆ ಅದು ಯಾಕೆ ತಪ್ಪೆಂದು ಗೊತ್ತಾಗುತ್ತದೆ. ಟೈಲ್‌ಗೇಟ್ ಇಳಿಸಿ, ಮಂಚದ ಒಂದು ಹಲಗೆ ಅದರ ಮೇಲೆ ಮಡಚಿ ಬೀಳುವಂತೆ ಮಾಡಿ, ಹಿಂದೆ ಟಾರ್ಪಾಲಿನ್ ಬಟ್ಟೆಯ ಡೇರೆ ಇಳಿಬಿಟ್ಟರೆ ಎರಡು ಮೀಟರ್ ಸಿಗುತ್ತದೆ. ಆ ಉದ್ದ ಗಾಡಿ ನಿಂತಾಗ ಮಾತ್ರ ಇರುತ್ತದೆ, ಓಡುವಾಗ ಇರುವುದಿಲ್ಲ. ಟೈಲ್‌ಗೇಟಿನ ಕೇಬಲ್ ನಂಬಿ ಇಬ್ಬರು ಮಲಗಬೇಡಿ, ಕೆಳಗೆ ಎರಡು ಊರುಗೋಲು ಕೊಡಿ. ಮಗಳಿಗೆ ಹಿಂದಿನ ಸೀಟು ಈಗಿನ್ನೂ ಸಾಲುತ್ತದೆ. ಇನ್ನು ಎರಡು ವರ್ಷಕ್ಕೆ ಅವಳಿಗೆ ನೆಲದ ಮೇಲೆ ಪುಟ್ಟ ಟೆಂಟು ಬೇಕಾಗಬಹುದು, ಅದು ಮೂರು ಕಿಲೋ. ರೂಫ್ ಟೆಂಟಿನ 60 ಕಿಲೋ ಹೀಗೆ ಪೂರ್ತಿ ಉಳಿಯಿತು. ರಾತ್ರಿ ಮಳೆಯಲ್ಲಿ ಏಣಿ ಇಳಿಯುವ ಕಷ್ಟವೂ.

ಹೊಸ ಲೆಕ್ಕ: ಪ್ಲೈ 46, ಹೊದಿಕೆ 70, ನೀರು 40, ಬ್ಯಾಟರಿ 12, ಗ್ಯಾಸ್ 13, ಸಾಮಾನು 60. ಸುಮಾರು 240 ಕಿಲೋ. ಈ ಗಾಡಿಗೆ ಇದು ಹೊರೆಯೇ ಅಲ್ಲ. ಸಸ್ಪೆನ್ಷನ್ ಸಮಸ್ಯೆಯ ಮುಕ್ಕಾಲು ಪಾಲು ಬಡಗಿಯ ಹತ್ತಿರವೇ ಬಗೆಹರಿಯಿತು.

ಪೆಟ್ಟಿಗೆ ಕಟ್ಟುವವರಿಗೆ ಎರಡು ಮಾತು ಹೇಳಿಬಿಡಿ. ಕ್ಯಾಬಿನ್ ಬೇರೆ, ಟ್ರೇ ಬೇರೆ, ಎರಡೂ ಚಾಸಿಯ ಮೇಲೆ ಬೇರೆ ಬೇರೆಯಾಗಿ ಕೂತಿವೆ. ಒಂದು ಚಕ್ರ ಗುಂಡಿಗಿಳಿದಾಗ ಅವೆರಡೂ ಬೇರೆ ಬೇರೆ ಕಡೆ ತಿರುಚುತ್ತವೆ. ಪೆಟ್ಟಿಗೆಯ ಮುಂಭಾಗ ಕ್ಯಾಬಿನ್‌ಗೆ ತಾಗಬಾರದು, ನಾಲ್ಕೈದು ಸೆಂಟಿಮೀಟರ್ ಬಿಡಲೇಬೇಕು. ಕ್ಯಾಬಿನ್ ಮೇಲೆ ಚಾಚಿದ ಭಾಗ ಬೇಕೆಂದರೆ ಅದು ಕ್ಯಾಬಿನ್ ಮಾಡಿಗೆ ಒರಗದೆ ಮೇಲೆ ತೇಲಬೇಕು. ಒರಗಿಸಿ ವೆಲ್ಡ್ ಮಾಡಿದ ಪೆಟ್ಟಿಗೆಗಳು ಒಂದು ಮಳೆಗಾಲದಲ್ಲೇ ಮೂಲೆ ಬಿರಿದು ಸೋರುವುದನ್ನು ಕಂಡಿದ್ದೇನೆ. ಇನ್ನೊಂದು, ಬೀಡಿಂಗ್ ಸಂದಿಗೆ ಸಿಲಿಕೋನ್ ಅಲ್ಲ, ಗಾಡಿಗೆ ಬಳಸುವ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿಸಿ. ಎದುರುಬದುರಿನ ಎರಡು ಕಿಟಕಿ ಮಳೆಯಲ್ಲೂ ತೆರೆದಿಡುವಂತಿರಲಿ. ಮಲೆನಾಡಿನ ಜುಲೈನಲ್ಲಿ ಮುಚ್ಚಿದ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಇಬ್ಬರ ಉಸಿರೇ ಬೆಳಗ್ಗೆ ಹನಿಯಾಗಿ ಹಾಸಿಗೆಗೆ ಬೀಳುತ್ತದೆ.

ಈ ಪೆಟ್ಟಿಗೆ ಬಿಚ್ಚಿ ಇಳಿಸುವಂತಿರಲೇಬೇಕು. ಸುಗ್ಗಿ ಕಾಲದಲ್ಲಿ ಟ್ರೇ ನಿಮಗೆ ಬೇಕಾಗುತ್ತದೆ ಎಂಬುದು ಒಂದು ಕಾರಣ. ಕಾನೂನು ಇನ್ನೊಂದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ ಎನ್ನುತ್ತದೆ. ಮಲಗುವ ವಾಹನವೆಂದೇ ನೋಂದಾಯಿಸಲು ಎಐಎಸ್-124 ಎಂಬ ಮಾನದಂಡ ಇದೆ, ಹಳೇ ಗಾಡಿಯ ಮೇಲೆ ಒಬ್ಬ ಮಾಲೀಕ ಆ ದಾರಿ ಹಿಡಿಯುವುದು ಶ್ರಮಕ್ಕೆ ತಕ್ಕದ್ದಲ್ಲ. ಬೋಲ್ಟ್, ವೆಲ್ಡ್ ಇಲ್ಲದೆ ಟ್ರೇಯ ಕೊಂಡಿಗಳಿಗೆ ಬೆಲ್ಟ್ ಕಟ್ಟಿ ಕೂರಿಸಿದ, ನಾಲ್ಕು ಜನ ಎತ್ತಿ ಇಳಿಸಬಹುದಾದ ಪೆಟ್ಟಿಗೆ ಸಾಮಾನಿಗೆ ಹತ್ತಿರ, ಶಾಶ್ವತವಾಗಿ ಕೂರಿಸಿದ್ದು ಮಾರ್ಪಾಡಿಗೆ ಹತ್ತಿರ. ಆದರೂ ನಕ್ಷೆ ಹಿಡಿದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಬನ್ನಿ, ಇನ್ಶೂರೆನ್ಸ್‌ನವರನ್ನೂ ಕೇಳಿ. ನಿಮ್ಮದು 2011ರ ಗಾಡಿ, 15 ವರ್ಷದ ನೋಂದಣಿ 2026ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಗಾಡಿ ತೋರಿಸಬೇಕು. ಆ ಕೆಲಸ ಮುಗಿಸಿಕೊಂಡೇ ಉಳಿದದ್ದಕ್ಕೆ ಕೈಹಾಕಿ. ಓಡುವಾಗ ಪೆಟ್ಟಿಗೆಯೊಳಗೆ ಯಾರೂ ಕೂರಬಾರದು ಎಂಬುದನ್ನು ಹೇಳಬೇಕಿಲ್ಲ ಅಂದುಕೊಂಡಿದ್ದೇನೆ, ಮಗಳು ಹಟ ಹಿಡಿದರೂ.

ಇನ್ನು ಗಾಡಿಯ ಮೂಲ ರಿಪೇರಿ. ಲಿಫ್ಟ್‌ಗೆ ಇಟ್ಟ ದುಡ್ಡಿನಲ್ಲಿ ಇದು ಆಗಿಬಿಡುತ್ತದೆ. ಗಾಡಿ ಎತ್ತಿಸಿ, ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತಾ ಹೋಗಿ, ಮುಖ್ಯವಾಗಿ ಹಿಂದಿನ ಪಟ್ಟಿಯ ಎರಡು ತುದಿ ಹಿಡಿದಿರುವ ಬ್ರ್ಯಾಕೆಟ್‌ಗಳ ಸುತ್ತ ಮತ್ತು ಆಕ್ಸಲ್ ಮೇಲೆ ಚಾಸಿ ಬಿಲ್ಲಿನಂತೆ ಏರಿರುವ ಜಾಗದಲ್ಲಿ. ಗೊಬ್ಬರ ಹೊತ್ತ ಗಾಡಿಗೆ ತುಕ್ಕು ಒಳಗಿನಿಂದಲೇ ಹಿಡಿದಿರುತ್ತದೆ. ಟಣ್ ಅನ್ನುವ ಬದಲು ದಬ್ ಅಂದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಸರಿಮಾಡಿಸಿ. ಮುಂದೆ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಕಂಟ್ರೋಲ್ ಆರ್ಮ್ ಬುಷ್, ವೀಲ್ ಬೇರಿಂಗ್ ನೋಡಿಸಿ, ಸ್ಕಾರ್ಪಿಯೊ ಭಾಗಗಳಾದ್ದರಿಂದ ಸಿಗುವುದು ಕಷ್ಟವಲ್ಲ. ಫೋರ್ ವೀಲ್ ವರ್ಷಗಟ್ಟಲೆ ಹಾಕಿಯೇ ಇಲ್ಲವಾದರೆ ತೋಟದ ಕೆಸರಿನಲ್ಲಿ ಫೋರ್ ಹೈ, ಫೋರ್ ಲೋ (ನಾಲ್ಕು ಚಕ್ರದ ಎಳೆತದ ವೇಗದ ಗೇರು, ನಿಧಾನದ ಗೇರು) ಎರಡೂ ಹಾಕಿ ನಿಜವಾಗಿ ಮುಂದಿನ ಚಕ್ರ ಎಳೆಯುತ್ತದೆಯೇ ನೋಡಿ. ಒಣಗಿದ ಡಾಂಬರಿನಲ್ಲಿ ಪರೀಕ್ಷೆ ಮಾಡಬೇಡಿ.

ಮುಂದಿನ ಸಸ್ಪೆನ್ಷನ್‌ನಲ್ಲಿ ನಿಮ್ಮ ಗಾಡಿಗೆ ಟಾರ್ಷನ್ ಬಾರ್ ಇದೆ. ಚಾಸಿಯ ಉದ್ದಕ್ಕೂ ಮಲಗಿರುವ ಉಕ್ಕಿನ ಸಲಾಕೆ, ಚಕ್ರ ಏರಿದಾಗ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅದರ ತುದಿಯ ಬೋಲ್ಟ್ ತಿರುಗಿಸಿದರೆ ಮೂತಿ ಮೇಲೇಳುತ್ತದೆ. ಅರ್ಧ ಗಂಟೆಯ ಕೆಲಸ, ಗ್ಯಾರೇಜಿನವರು ಇದನ್ನೇ ಲಿಫ್ಟ್ ಎಂದು ಮಾರುತ್ತಾರೆ. ಬೋಲ್ಟ್ ಬಿಗಿದ ಮಾತ್ರಕ್ಕೆ ಸಲಾಕೆ ಗಟ್ಟಿಯಾಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಗಡುಸು ಅನ್ನಿಸುವುದು ಚಕ್ರ ಕೆಳಗಿಳಿಯಲು ಜಾಗ ಕಡಿಮೆಯಾಗಿ ಆರ್ಮ್ ತುದಿಗೆ ಬಡಿಯುವುದರಿಂದ. ಮುಂದಿನ ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ಸಿವಿ ಜಾಯಿಂಟ್ (ಶಾಫ್ಟ್ ಬಾಗಿದ್ದಾಗಲೂ ತಿರುಗಿಸುವ ಕೀಲು) ಮತ್ತು ಅದರ ರಬ್ಬರ್ ಬೂಟ್ ಬೇಗ ಹೋಗುತ್ತವೆ. ಹಾಗಾಗಿ ಕಂಪನಿ ಎತ್ತರಕ್ಕಿಂತ ಒಂದು ಇಂಚಿನ ಮೇಲೆ ಹೋಗಬೇಡಿ, ನಿಮಗೆ ಅದೂ ಬೇಕಿಲ್ಲ. ಎಡಬಲ ಸಮಾನ ಮಾಡಿಸಿ, ಬೋಲ್ಟಿಗೆ ಮೊದಲಿನ ಗುರುತು ಹಾಕಿಟ್ಟುಕೊಳ್ಳಿ, ಅಲೈನ್‌ಮೆಂಟ್ ಮಾಡಿಸಿ.

ಹಿಂದಿನ ಪಟ್ಟಿಗಳದೇ ನಿಜವಾದ ಪ್ರಶ್ನೆ. ಅವುಗಳಲ್ಲಿ ಎಷ್ಟು ಜೀವ ಇದೆ ಎಂದು ಮನೆಯಲ್ಲೇ ನೋಡಬಹುದು. ಸಮನಾದ ಕಣದಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಎರಡೂ ಕಡೆ ಅಳೆಯಿರಿ. ಆಕ್ಸಲ್ ನೇರ ಮೇಲೆ ಬರುವಂತೆ ನಾಲ್ಕು ಸಿಮೆಂಟ್ ಮೂಟೆ ಇಡಿ, 200 ಕಿಲೋ. ಗಾಡಿಯನ್ನು ಹತ್ತು ಹೆಜ್ಜೆ ಮುಂದೆ ಹಿಂದೆ ಆಡಿಸಿ ಮತ್ತೆ ಅಳೆಯಿರಿ. 40 ಮಿಮೀ ಇಳಿಯಿತು ಅನ್ನಿ, ಅಂದರೆ ಎರಡೂ ಪಟ್ಟಿ ಸೇರಿ ಮಿಲಿಮೀಟರಿಗೆ 5 ಕಿಲೋ ಹೊರುತ್ತವೆ. ಹಿಂದಿನ ಆಕ್ಸಲ್ ಮೇಲೆ ಒಟ್ಟು 300 ಕಿಲೋ ಬಂದರೆ ಖಾಲಿ ಎತ್ತರದಿಂದ 60 ಮಿಮೀ ಇಳಿಯುತ್ತದೆ ಎಂದು ಲೆಕ್ಕ ಸಿಕ್ಕಿತು. ಅಷ್ಟು ಇಳಿದ ಮೇಲೂ ಆಕ್ಸಲ್ ಮತ್ತು ಅದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿನ ನಡುವೆ 60–70 ಮಿಮೀ ಉಳಿಯಬೇಕೆಂಬುದು ನಾನು ಇಟ್ಟುಕೊಂಡಿರುವ ಮಟ್ಟ. ಎಡಬಲ ಅಳತೆಯಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಕಡೆ ಪಟ್ಟಿ ಮುರಿದಿರಬಹುದು, ಸೆಂಟರ್ ಬೋಲ್ಟ್ ಹತ್ತಿರ ಬಿರುಕು ಹುಡುಕಿ.

ಹಳೇ ಪಟ್ಟಿಗೇ ಕಮ್ಮಾರನ ಹತ್ತಿರ ಮತ್ತೆ ಬಾಗು ಹೊಡೆಸಿದರೆ ಅಗ್ಗ, ಆದರೆ ಸರಿಯಾಗಿ ಕಾಯಿಸಿ ಹದ ಮಾಡದೆ ತಣ್ಣಗೇ ಹೊಡೆದದ್ದು ಕೆಲವೇ ತಿಂಗಳಲ್ಲಿ ಮತ್ತೆ ಮಲಗುತ್ತದೆ. ದಣಿದ ಉಕ್ಕು ದಣಿದೇ ಇರುತ್ತದೆ. ಲಾರಿ ಪಟ್ಟಿ ಅಂಗಡಿಯವರು ಇನ್ನೊಂದು ಉಪಾಯ ಹೇಳುತ್ತಾರೆ, ಎರಡು ದಪ್ಪ ಪಟ್ಟಿ ತೂರಿಸಿ ಎಂದು. ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿಮೀ ಪಟ್ಟಿಗಳ ನಡುವೆ ಅಷ್ಟೇ ಉದ್ದದ 10 ಮಿಮೀ ಒಂದು ಸೇರಿಸಿದರೆ ಅದೊಂದೇ ಸುಮಾರು ಮೂರು ಪಟ್ಟಿಯಷ್ಟು ಬಿಗಿ. ಎಲ್ಲವೂ ಒಟ್ಟಿಗೆ ಬಾಗಬೇಕಾದಾಗ ದಪ್ಪದ್ದರ ಮೇಲೇ ಹೆಚ್ಚು ಒತ್ತಡ ಬಿದ್ದು ಅದೇ ಮೊದಲು ಮುರಿಯುತ್ತದೆ. ಮುರಿಯುವವರೆಗೆ ಗಾಡಿ ಒರಳುಕಲ್ಲಿನ ಹಾಗೆ ಕುಟ್ಟುತ್ತದೆ.

ನಿಮ್ಮದು ಅರ್ಧ ವರ್ಷ ತೋಟದ ಗಾಡಿ, ಅರ್ಧ ವರ್ಷ ತಿರುಗಾಟದ್ದು. ಅದಕ್ಕೆ ನನ್ನ ಸಲಹೆ, ಕಂಪನಿ ಅಳತೆಯ ಹೊಸ ಪಟ್ಟಿ ಸೆಟ್ ಎರಡೂ ಕಡೆ, ಅದರ ತಳಕ್ಕೆ ಹೆಚ್ಚು ಕಡಿಮೆ ನೇರವಾಗಿರುವ ಒಂದೇ ಒಂದು ಹೆಲ್ಪರ್ ಪಟ್ಟಿ. ಖಾಲಿ ಇರುವಾಗ ಆ ಕೆಳಗಿನದು ಸುಮ್ಮನಿರುತ್ತದೆ, ಭಾರ ಬಿದ್ದು ಮೇಲಿನವು ಚಪ್ಪಟೆಯಾದಾಗ ಮಾತ್ರ ಹೆಗಲು ಕೊಡುತ್ತದೆ. ಈಗಾಗಲೇ ಅಂಥದ್ದೊಂದು ಇದ್ದರೆ ಇನ್ನೊಂದು ಬೇಡ. ವರ್ಷಪೂರ್ತಿ ಪೆಟ್ಟಿಗೆ ಹೊತ್ತೇ ಓಡುವ ಗಾಡಿಯಾದರೆ ಇಡೀ ಸೆಟ್ಟೇ ಸ್ವಲ್ಪ ಬಿಗಿಯಾದದ್ದು ಬೇಕಾಗುತ್ತಿತ್ತು. ಈ ಗಾಡಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಪಿಕ್ ಅಪ್ ಎಂಬ ಹೆಸರಲ್ಲಿ ಮಾರಾಟವಾಗಿದೆ. ಅಲ್ಲಿಂದ ಸ್ಪ್ರಿಂಗ್ ಸೆಟ್ ತರಿಸುವ ಉತ್ಸಾಹ ಕೆಲವರಿಗೆ. 240 ಕಿಲೋ ಪೆಟ್ಟಿಗೆಗೆ ಆ ಸಾಹಸ ಬೇಕಿಲ್ಲ.

ಏರ್ ಬ್ಯಾಗ್ ಬಗ್ಗೆ ಕೇಳಿದ್ದೀರಿ. ಎಡಬಲ ಸಮತಟ್ಟು ಮಾಡಲು ಚೆನ್ನ, ಕುಸಿದ ಪಟ್ಟಿಯನ್ನು ಮುಚ್ಚಿಡಲು ಕೆಟ್ಟದ್ದು. ಪಟ್ಟಿ ತನ್ನ ಭಾರವನ್ನು ಚಾಸಿಗೆ ಎರಡು ತುದಿಯ ಬ್ರ್ಯಾಕೆಟ್‌ಗಳಲ್ಲಿ ಹಂಚಿ ಕೊಡುತ್ತದೆ. ಬ್ಯಾಗ್ ಅದೇ ಭಾರವನ್ನು ಆಕ್ಸಲ್ ನೇರ ಮೇಲೆ, ಬಂಪ್ ಸ್ಟಾಪ್ ಇದ್ದ ಒಂದೇ ಜಾಗದಲ್ಲಿ ಗುದ್ದುತ್ತದೆ. ಹಿಂದೆ ನೇತಾಡುವ ಭಾರ, ನಡುವೆ ಗುದ್ದು, ಕೆಟ್ಟ ರಸ್ತೆ ಮೂರೂ ಸೇರಿದಾಗ ಡಬಲ್ ಕ್ಯಾಬ್‌ಗಳ ಚಾಸಿ ಅಲ್ಲೇ ಬಾಗುವುದು. ಉದ್ದದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ), ಪಟ್ಟಿಯ ಅಡಿಗೆ ಬ್ಲಾಕ್ ಇಟ್ಟು ಎತ್ತುವುದನ್ನೂ ಬಿಡಿ. ಆಕ್ಸಲ್ ತಿರುಗಿ, ಹಿಂದಿನ ಆಕ್ಸಲ್‌ಗೆ ಎಂಜಿನ್ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಅದುರು ಶುರುವಾಗುತ್ತದೆ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ ಅಷ್ಟೇ. ಕುಸಿದ ಗಾಡಿಗೆ ದುಬಾರಿ ಶಾಕ್ಸ್ ಹಾಕಿ ನಿರಾಶರಾದವರು ಬಹಳ. ಪಟ್ಟಿ ಬದಲಾದ ಮೇಲೆ, ಪೆಟ್ಟಿಗೆ ಹೊತ್ತ ಎತ್ತರದಲ್ಲಿ ಅಳತೆ ತೆಗೆದು ಕೊಳ್ಳಿ. ಆಕ್ಸಲ್ ಬಂಪ್ ಸ್ಟಾಪ್‌ಗೆ ತಾಗುವ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಳ್ಳಬಾರದು. ಘಟ್ಟದ ರಸ್ತೆಗೆ ಒಳ್ಳೆಯ ಟ್ವಿನ್ ಟ್ಯೂಬ್ ಗ್ಯಾಸ್ ಶಾಕ್ಸ್ ಧಾರಾಳ. ಸ್ಪಿತಿಯ ಹಾಗೆ ಗಂಟೆಗಟ್ಟಲೆ ಕಲ್ಲಿನ ಮೇಲೆ ಓಡುವಾಗ ಒಳಗಿನ ಎಣ್ಣೆ ಕಾದು ನೊರೆಯಾಗಿ ಹಿಡಿತ ಸಡಿಲುತ್ತದೆ. ಅಲ್ಲಿ ಶಾಖ ಬೇಗ ಬಿಡುವ ಮೊನೊ ಟ್ಯೂಬ್ ಮೇಲು, ಇಲ್ಲವೇ ನಡುವೆ ನಿಲ್ಲಿಸಿ ಚಹಾ ಕುಡಿಯುವುದು ಮೇಲು.

ಯಾರೂ ಹೇಳದ ಒಂದು ಸಣ್ಣ ಭಾಗ ಇದೆ. ಹಿಂದಿನ ಆಕ್ಸಲ್‌ನಿಂದ ಚಾಸಿಯ ಮೇಲಿನ ಬ್ರೇಕ್ ವಾಲ್ವ್‌ಗೆ ಒಂದು ಸಣ್ಣ ಕಡ್ಡಿ ಹೋಗಿದೆಯೇ ನೋಡಿ. ಇದ್ದರೆ ಅದು ಭಾರ ಅಳೆಯುವ ವಾಲ್ವ್. ಹಿಂಭಾಗ ಇಳಿದಿದ್ದರೆ ಭಾರ ಇದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಎತ್ತರ ಇದ್ದರೆ ಖಾಲಿ ಎಂದು ಕಡಿಮೆ ಮಾಡುತ್ತದೆ. ನೀವು ಎತ್ತರಿಸಿದ ಗಾಡಿಯಲ್ಲಿ ಪೆಟ್ಟಿಗೆ ಹೇರಿ ಘಟ್ಟ ಇಳಿಯುವಾಗಲೂ ಆ ವಾಲ್ವ್ ಗಾಡಿ ಖಾಲಿ ಅಂದುಕೊಂಡೇ ಇರುತ್ತದೆ, ಎಲ್ಲ ಹೊರೆ ಮುಂದಿನ ಬ್ರೇಕಿಗೆ. ಪಟ್ಟಿ ಬದಲಿಸಿದ ದಿನವೇ ಅದರ ಕಡ್ಡಿಯನ್ನು ಕೈಪಿಡಿಯ ಪ್ರಕಾರ ಸರಿಹೊಂದಿಸಲು ಹೇಳಿ. ಅದರ ಜತೆ ಹಿಂದಿನ ಡ್ರಮ್ ಬಿಚ್ಚಿ ಲೈನರ್ ನೋಡಿಸಿ, ಬ್ರೇಕ್ ಆಯಿಲ್ ಬದಲಿಸಿ.

ಟೈರ್ ಬಗ್ಗೆ ಹೆಚ್ಚಿಲ್ಲ. ಕಂಪನಿ ಅಳತೆಯಲ್ಲೇ ಇರಿ, ದೊಡ್ಡದು ಹಾಕಿದರೆ ಎಂಜಿನ್ ಎಳೆತ, ಬ್ರೇಕ್ ಎರಡೂ ಸೊರಗುತ್ತವೆ. ಪಕ್ಕದಲ್ಲಿ ಅಳತೆಯ ನಂತರ ಬರುವ ಸಂಖ್ಯೆ ಭಾರದ ಸೂಚಿ: 109 ಎಂದರೆ ಒಂದು ಟೈರಿಗೆ 1,030 ಕಿಲೋ, 112 ಎಂದರೆ 1,120. ನಾಲ್ಕಂಕಿಯ ತಯಾರಿ ಗುರುತೂ ಓದಿ. 2319 ಎಂದರೆ 2019ರ 23ನೇ ವಾರ. ತೋಟದ ಗಾಡಿಗಳ ಟೈರು ಸವೆಯುವ ಮೊದಲೇ ಬಿಸಿಲಿಗೆ ಬಿರಿದಿರುತ್ತದೆ, ಮೇಲಿನ ಗೆರೆ ಇನ್ನೂ ಆಳ ಇದೆ ಎಂದು ಮೋಸಹೋಗಬೇಡಿ.

ಕೊನೆಯಲ್ಲಿ ಪಟ್ಟಿ ಕೂರಿಸುವವರ ಪಕ್ಕ ನೀವೇ ನಿಂತಿರಿ. ಪಟ್ಟಿಯನ್ನು ಆಕ್ಸಲ್‌ಗೆ ಹಿಡಿದಿಡುವ ಹಳೇ ಯು-ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಒಮ್ಮೆ ಬಿಗಿದು ಎಳೆದದ್ದು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಶ್ಯಾಕಲ್ ಮತ್ತು ಕಣ್ಣಿನ ಬುಷ್ ಬೋಲ್ಟ್‌ಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿದರೆ ಬುಷ್ ತಿರುಚಿಕೊಳ್ಳದೆ ಬಾಳುತ್ತದೆ. ಪೆಟ್ಟಿಗೆ ಹೇರಿ, ನೀರು ತುಂಬಿ, ಮೂವರೂ ಕೂತು ಮತ್ತೊಮ್ಮೆ ವೇಬ್ರಿಡ್ಜ್‌ಗೆ ಹೋಗಿ ಬನ್ನಿ. ಮೊದಲ ಓಡಾಟ ಹೊರನಾಡು, ಕಳಸದ ಕಡೆ ಇರಲಿ, ಸ್ಪಿತಿಗೆ ಅಲ್ಲ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್ ಮತ್ತೆ ಬಿಗಿಸಿ, ಹೆಡ್‌ಲೈಟ್‌ನ ಮಟ್ಟವನ್ನೂ ಆಗಲೇ ಸರಿಮಾಡಿಸಿ. ಪೆಟ್ಟಿಗೆ ಹೊತ್ತಾಗ ಅದು ಎದುರಿನವರ ಕಣ್ಣಿಗೇ ಹೊಡೆಯುತ್ತಿರುತ್ತದೆ.